ಬರಹವಿಲ್ಲದ ಬಾಕಿ: ಮನೆಯುದ್ಯಮದಲ್ಲಿ ಮರಳಿ ಬಂದ ಚೆಕ್ಕು, ಕೈಗೆ ಬಾರದ ಹಣ

ಹುಬ್ಬಳ್ಳಿ-ಧಾರವಾಡದಲ್ಲಿ, ಕಲಬುರಗಿ-ವಿಜಯಪುರದ ಓಣಿಗಳಲ್ಲಿ ಮನೆಯ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಒದಗಿಸುವ ಹೆಣ್ಣುಮಕ್ಕಳಿದ್ದಾರೆ. ಶಿರಸಿ-ಸಾಗರದ ಕಡೆ ಹಪ್ಪಳ, ಸಂಡಿಗೆ, ಅಪ್ಪೆಮಿಡಿ ಉಪ್ಪಿನಕಾಯಿ, ಧಾರವಾಡದಲ್ಲಿ ಕಸೂತಿ, ಇಳಕಲ್ಲಿನಲ್ಲಿ ಮನೆಯೊಳಗಿನ ಮಗ್ಗ. ಈ ದುಡಿಮೆಯ ರುಚಿಯನ್ನೂ ಕುಸುರಿಯನ್ನೂ ನಾವು ಬೇಕಾದಷ್ಟು ಕೊಂಡಾಡಿದ್ದೇವೆ. ಸರಕು ಹೊಸ್ತಿಲು ದಾಟಿದ ಮೇಲೆ ಅದರ ಹಣ ಹೊಸ್ತಿಲೊಳಗೆ ಬರುವ ದಾರಿ ಯಾವುದು, ಆ ದಾರಿ ಕಟ್ಟಿಹೋದರೆ ಏನು ಗತಿ ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ. ಈ ಲೇಖನ ಆ ಪ್ರಶ್ನೆಯ ಕಾನೂನು ಮಗ್ಗುಲನ್ನು ನೋಡುತ್ತದೆ.

ಬಾಕಿ ಮುಳುಗುವುದಕ್ಕೆ ಕಾನೂನಿನ ದೌರ್ಬಲ್ಯವೇ ಕಾರಣ ಎಂಬ ಮಾತು ರೂಢಿಯಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಮನೆಯಿಂದ ಮಾರುವವರಿಗೆ ನಮ್ಮ ಕಾನೂನು ಕೊಟ್ಟಿರುವ ಹಕ್ಕುಗಳು ಕಡಿಮೆಯೇನಲ್ಲ. ಆದರೆ ಆ ಹಕ್ಕುಗಳೆಲ್ಲ ಬರಹವನ್ನೂ ದಿನಾಂಕವನ್ನೂ ಕೇಳುತ್ತವೆ. ಮನೆಯ ವ್ಯಾಪಾರವೋ ಮಾತು ಮತ್ತು ಮುಖಪರಿಚಯದ ಮೇಲೆ ನಡೆಯುತ್ತದೆ. ಕೊಳ್ಳುವವರು ನೆರೆಯವರು, ಬೀಗರು, ಬೀಗರ ಪರಿಚಯದವರು. ಅವರ ಮುಂದೆ ಬಿಲ್ಲು ಹಿಡಿಯುವುದು ಮರ್ಯಾದೆಗೇಡು ಎಂಬ ದಾಕ್ಷಿಣ್ಯ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ಹುಟ್ಟಿದ್ದು ಈ ದಾಕ್ಷಿಣ್ಯದ ನೆಲದಲ್ಲೇ ಇರಬೇಕು.

ಕಲ್ಯಾಣದ ಒಂದು ಹಳೆಯ ಎಚ್ಚರ

ಬರೆದಿಡುವ ಶಿಸ್ತು ಬ್ರಿಟಿಷರ ಜೊತೆ ಬಂದದ್ದೆಂದು ಭಾವಿಸುವವರು ವಿಜ್ಞಾನೇಶ್ವರನ ‘ಮಿತಾಕ್ಷರಾ’ವನ್ನು ನೆನೆಯಬೇಕು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಬರೆದ ಈ ವ್ಯಾಖ್ಯಾನ ಯಾಜ್ಞವಲ್ಕ್ಯ ಸ್ಮೃತಿಯನ್ನು ಆಧರಿಸಿದ್ದು. ಮಿತಾಕ್ಷರಾ ಎಂದೊಡನೆ ನಮಗೆ ನೆನಪಾಗುವುದು ಆಸ್ತಿ ಪಾಲು. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ಸಾಲ ವಸೂಲಿಗೆ ಋಣಾದಾನ ಪ್ರಕರಣವೂ ಪತ್ರಗಳಿಗೆ ಲೇಖ್ಯ ಪ್ರಕರಣವೂ ಇವೆ. ಸಾಲಗಾರ ಕಂತಿನಲ್ಲಿ ಹಣ ಕೊಟ್ಟರೆ ಕೊಟ್ಟಕೊಟ್ಟಂತೆ ಪತ್ರದ ಬೆನ್ನಿಗೆ ಬರೆಯಬೇಕು, ಇಲ್ಲವೆ ಧನಿಯು ತನ್ನ ಕೈಬರಹದ ಗುರುತುಳ್ಳ ರಸೀದಿ ಕೊಡಬೇಕು; ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿದು ಹಾಕಬೇಕು ಎಂಬುದು ಮೂಲ ಸ್ಮೃತಿಯ ವಿಧಿ. ನಮ್ಮ ವರ್ತಕರ ಕೈಯಲ್ಲಿ ಇದ್ದಿಲು ಮತ್ತು ಹುಣಸೆಬೀಜದ ಗಂಜಿ ಬಳಿದ ಬಟ್ಟೆಯ ಕಡತ ಇತ್ತು. ಬಳಪದಲ್ಲಿ ಬರೆದ ಲೆಕ್ಕ ಮಡಿಕೆ ಮಡಿಕೆಯಾಗಿ ಉಳಿಯುತ್ತಿತ್ತು. ಬರೆಯುವ ವಿದ್ಯೆ ಪೇಟೆಯಲ್ಲಿ ಮತ್ತು ಮಠದಲ್ಲಿತ್ತು, ಅಡುಗೆಮನೆಗೆ ದಾಟಲಿಲ್ಲ. ಇಂದಿನ ಮನೆಯುದ್ಯಮ ಆ ಅಡುಗೆಮನೆಯಿಂದಲೇ ಎದ್ದು ಬಂದದ್ದು ಎಂಬುದನ್ನು ಮರೆಯಬಾರದು.

ಪತ್ರದ ಬೆನ್ನಿಗೆ ಬರೆಯುವ ಈ ಹಳೆಯ ಮಾತು ಇಂದಿನ ಚೆಕ್ಕಿನ ಪ್ರಕರಣದಲ್ಲಿ ಹೇಗೆ ಜೀವಂತವಾಗಿದೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಚೆಕ್ಕು ಮರಳಿದ ದಿನದಿಂದ

1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 138ನೆಯ ಕಲಮು ಸೇರಿದ್ದು 1988ರ ತಿದ್ದುಪಡಿಯಿಂದ. ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಂದು. ಹಣವಿಲ್ಲದೆ ಚೆಕ್ಕು ಮರಳಿದರೆ ಅಲ್ಲಿಯವರೆಗೆ ಬರಿಯ ಸಿವಿಲ್ ಬಾಕಿಯಾಗಿದ್ದದ್ದು ಆಮೇಲೆ ಅಪರಾಧವಾಯಿತು. ಶಿಕ್ಷೆ ಎರಡು ವರ್ಷದವರೆಗಿನ ಸೆರೆ, ಇಲ್ಲವೆ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಆದರೆ ಅಪರಾಧ ಪೂರ್ಣವಾಗುವುದು ಚೆಕ್ಕು ಮರಳಿದಾಗ ಅಲ್ಲ. ನೋಟಿಸು ತಲುಪಿ ಹದಿನೈದು ದಿನ ಕಳೆದರೂ ಹಣ ಬಾರದಾಗ. ಸೋಲುವವರು ಹೆಚ್ಚಾಗಿ ಸೋಲುವುದು ಈ ನಡುವಿನ ದಿನಗಳಲ್ಲಿ ಎಂದು ನನ್ನ ಎಣಿಕೆ.

ಲೆಕ್ಕವನ್ನು ಬಿಡಿಸಿ ನೋಡೋಣ. ಹುಬ್ಬಳ್ಳಿಯ ಒಬ್ಬಾಕೆ ಒಂದು ಖಾನಾವಳಿಗೆ ದಿನಕ್ಕೆ 100 ರೊಟ್ಟಿ ಕೊಡುತ್ತಾಳೆ, ರೊಟ್ಟಿಗೆ 6 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 18,000. ಖಾನಾವಳಿಯವರು 2025ರ ಜನವರಿ 10ರ ದಿನಾಂಕದ ಚೆಕ್ಕು ಕೊಟ್ಟರು. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಸ್ಸು ಮೂರು ತಿಂಗಳು ಮಾತ್ರ. ಅದರೊಳಗೆ ಅವಳು ಬ್ಯಾಂಕಿಗೆ ಹಾಕಿದಳು. ಹಣವಿಲ್ಲವೆಂಬ ಮೆಮೊ ಫೆಬ್ರುವರಿ 2ರಂದು ಕೈಗೆ ಬಂತು. ಅಂದಿನಿಂದ 30 ದಿನ, ಅಂದರೆ ಮಾರ್ಚ್ 4ರೊಳಗೆ, ಲಿಖಿತ ನೋಟಿಸು ಹೋಗಬೇಕು. ಅದು ಮಾರ್ಚ್ 8ರಂದು ತಲುಪಿದರೆ ಕೊಡಬೇಕಾದವರಿಗೆ ಮಾರ್ಚ್ 23ರವರೆಗೆ ಗಡುವು. ದೂರು ಹೂಡುವ ಹಕ್ಕು ಹುಟ್ಟುವುದು 24ರಂದು. ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಬರಬೇಕು. ದೂರು ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಿಕೊಳ್ಳಬಹುದು. ನೋಟಿಸಿನ 30 ದಿನಕ್ಕೆ ಅಂಥ ಮನ್ನಣೆಯಿಲ್ಲ. ‘ಮುಂದಿನ ವಾರ ಕೊಡ್ತೀನಿ ಅಕ್ಕಾರ’ ಎಂಬ ಮಾತನ್ನು ನಂಬಿ ಐದು ವಾರ ಕಾದರೆ ಆ 30 ದಿನ ಮುಗಿದೇ ಹೋಗುತ್ತದೆ. ಚೆಕ್ಕಿನ ಆಯುಸ್ಸು ಉಳಿದಿದ್ದರೆ ಮತ್ತೆ ಹಾಕಿ, ಮತ್ತೆ ಮರಳಿದ ಮೇಲೆ ಹೊಸ ಮೆಮೊದಿಂದ ಎಣಿಸಲು ಸುಪ್ರೀಂ ಕೋರ್ಟು ಅವಕಾಶ ಕೊಟ್ಟಿದೆ. ಆಯುಸ್ಸು ತೀರಿದ್ದರೆ ಆ ಬಾಗಿಲೂ ಮುಚ್ಚಿತು.

ನೋಟಿಸು ವಕೀಲರದೇ ಆಗಬೇಕೆಂದಿಲ್ಲ. ಕನ್ನಡದಲ್ಲಿ ತಾನೇ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡರೂ ಸಾಕು. ಕೇಳುವ ಮೊತ್ತ ಮಾತ್ರ ಚೆಕ್ಕಿನ ಮೊತ್ತವೇ ಆಗಿರಬೇಕು. ಅದರಲ್ಲಿ ತಪ್ಪು ಅಂಕಿ ಬರೆದು ಬಿದ್ದುಹೋದ ಪ್ರಕರಣಗಳಿವೆ. ದೂರು ಎಲ್ಲಿ ಹೂಡಬೇಕು ಎಂಬ ಗೊಂದಲ 2014ರ ಒಂದು ತೀರ್ಪಿನಿಂದ ದೊಡ್ಡದಾಗಿತ್ತು: ಚೆಕ್ಕು ಕೊಟ್ಟವನ ಬ್ಯಾಂಕು ಇರುವ ಊರಿಗೇ ಹೋಗಬೇಕಿತ್ತು. ಬೆಂಗಳೂರಿನ ಅಂಗಡಿಗೆ ಹಪ್ಪಳ ಕಳಿಸಿದ ಶಿರಸಿಯವಳಿಗೆ ಅದು ನ್ಯಾಯವನ್ನೇ ನಿರಾಕರಿಸಿದಂತೆ. 2015ರ ತಿದ್ದುಪಡಿ ಅದನ್ನು ಸರಿಪಡಿಸಿತು. ಖಾತೆಗೆ ಹಾಕಿದ ಚೆಕ್ಕಾದರೆ ಈಗ ಹಣ ಪಡೆಯಬೇಕಾದವರ ಖಾತೆ ಇರುವ ಶಾಖೆಯ ವ್ಯಾಪ್ತಿಯ ನ್ಯಾಯಾಲಯವೇ ಸಾಕು.

ನ್ಯಾಯಾಲಯದಲ್ಲಿ ಚೆಕ್ಕು ಹಿಡಿದು ನಿಂತವರ ಪರವಾಗಿ ಒಂದು ಪೂರ್ವಭಾವನೆ ಇದೆ, 139ನೆಯ ಕಲಮಿನದು. ಅದರ ಹರವನ್ನು ಗಟ್ಟಿಮಾಡಿದ್ದು ಕರ್ನಾಟಕದಿಂದಲೇ ಹೋದ ‘ರಂಗಪ್ಪ ವಿರುದ್ಧ ಶ್ರೀ ಮೋಹನ್’ ಪ್ರಕರಣದ 2010ರ ತೀರ್ಪು: ಸಹಿ ಒಪ್ಪಿದರೆ ಸಾಲ ಇತ್ತೆಂದೇ ನ್ಯಾಯಾಲಯ ಭಾವಿಸಬೇಕು, ಇರಲಿಲ್ಲವೆಂದು ತೋರಿಸುವ ಹೊಣೆ ಸಹಿ ಮಾಡಿದವನದು. ಆದರೆ ಆ ಭಾವನೆಯನ್ನು ಮುರಿಯಬಹುದು. ‘ಸರಕೇ ಬಂದಿಲ್ಲ’, ‘ಬಂದದ್ದು ಅರ್ಧ’, ‘ಅದು ಭದ್ರತೆಗೆ ಕೊಟ್ಟ ಚೆಕ್ಕು’ ಎಂದು ಎದುರಾಳಿ ಪ್ರಶ್ನೆ ಎತ್ತಿದಾಗ ತೋರಿಸಲು ಒಂದು ಸಹಿ ಹಾಕಿದ ಬಿಲ್ಲಾದರೂ ಬೇಕು. ಮುಂಗಡವಾಗಿ ಪಡೆದ ಚೆಕ್ಕಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಆರ್ಡರು ರದ್ದಾಗಿ ಸರಕು ಹೋಗಿಯೇ ಇರದಿದ್ದರೆ ಆ ಚೆಕ್ಕಿಗೆ 138 ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮುಂಗಡ ಎಂದರೆ ಖಾತೆಗೆ ಬಿದ್ದ ಹಣ, ಚೆಕ್ಕಲ್ಲ.

ಈಗ ಯಾಜ್ಞವಲ್ಕ್ಯನ ಮಾತಿಗೆ. ನಮ್ಮ ರೊಟ್ಟಿಯಾಕೆಗೆ ಚೆಕ್ಕು ಕೊಟ್ಟ ಮೇಲೆ ಖಾನಾವಳಿಯವರು ಹುಡುಗನ ಕೈಲಿ 5,000 ನಗದು ಕಳಿಸಿದರು ಎನ್ನೋಣ. ಅವಳು ಅದನ್ನು ಡಬ್ಬಿಯಲ್ಲಿಟ್ಟು 18,000ದ ಚೆಕ್ಕನ್ನು ಹಾಗೇ ಬ್ಯಾಂಕಿಗೆ ಹಾಕಿದಳು. ಚೆಕ್ಕು ಮರಳಿತು. ಅವಳದು ಪ್ರಾಮಾಣಿಕ ಬಾಕಿ. ಆದರೂ ಅಪರಾಧ ಸಾಬೀತಾಗದು. ಹಾಕಿದ ದಿನ ಬರಬೇಕಾದದ್ದು 13,000. ಚೆಕ್ಕು ಹೇಳುವುದು 18,000. ಭಾಗಶಃ ಹಣ ಬಂದರೆ ಕಾಯ್ದೆಯ 56ನೆಯ ಕಲಮಿನಂತೆ ಚೆಕ್ಕಿನ ಮೇಲೇ ಅದನ್ನು ನಮೂದಿಸಬೇಕು, ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ 138 ಅನ್ವಯಿಸದು ಎಂಬುದು 2022ರ ತೀರ್ಪು. ಪತ್ರದ ಬೆನ್ನಿಗೆ ಬರೆಯಿರಿ ಎಂಬ ಕಲ್ಯಾಣದ ಮಾತಿಗೂ ಇದಕ್ಕೂ ಒಂಬೈನೂರು ವರ್ಷದ ಅಂತರ. ವ್ಯವಹಾರದ ತರ್ಕ ಒಂದೇ: ಪತ್ರದ ಮೇಲಿರುವ ಅಂಕಿಯೂ ನಿಜವಾದ ಬಾಕಿಯೂ ಬೇರೆಯಾದ ಗಳಿಗೆಯಲ್ಲಿ ಪತ್ರ ಸುಳ್ಳಾಗುತ್ತದೆ. ಬಳಕೆಯಲ್ಲಿ ಸುಲಭದ ದಾರಿ ಎಂದರೆ ಹಳೆಯ ಚೆಕ್ಕು ಮರಳಿಸಿ 13,000ಕ್ಕೆ ಹೊಸದು ಬರೆಸಿಕೊಳ್ಳುವುದು.

ಬೆಲೆ ಸಲ್ಲದ ಮಾರಾಟಗಾರರ ಹಕ್ಕು

ಚೆಕ್ಕಿನ ಅಪರಾಧದ ಗದ್ದಲದಲ್ಲಿ ಮೂಲೆಗೆ ಬಿದ್ದದ್ದು 1930ರ ಸರಕು ಮಾರಾಟ ಕಾಯ್ದೆ. ಮನೆಯುದ್ಯಮಕ್ಕೆ ಇದೇ ಹೆಚ್ಚು ಹೊಂದುವ ಕಾನೂನು ಎಂದು ನನಗನಿಸುತ್ತದೆ, ಏಕೆಂದರೆ ಇದರ ಪರಿಹಾರಕ್ಕೆ ನ್ಯಾಯಾಲಯದ ಮೆಟ್ಟಿಲೇ ಬೇಕಿಲ್ಲ. ಬೆಲೆಗೆಂದು ಪಡೆದ ಚೆಕ್ಕು ಅಮಾನ್ಯವಾದರೆ ಸರಕು ಮಾರಿದವರು ಮತ್ತೆ ‘ಬೆಲೆ ಸಲ್ಲದ ಮಾರಾಟಗಾರ’ರಾಗುತ್ತಾರೆ ಎಂದು ಅದರ 45ನೆಯ ಕಲಮು ಹೇಳುತ್ತದೆ. ಅಂಥವರು ಸರಕು ಇನ್ನೂ ತಮ್ಮ ಕೈಯಲ್ಲಿದ್ದರೆ ಹಣ ಬರುವ ತನಕ ತಡೆದಿಟ್ಟುಕೊಳ್ಳಬಹುದು. ಅರ್ಧ ಹೋಗಿದ್ದರೆ ಉಳಿದರ್ಧವನ್ನು ತಡೆಯಬಹುದು. ಕೊಳ್ಳುವವರು ದಿವಾಳಿಯಾಗಿದ್ದರೆ ಸಾಗಣೆಯಲ್ಲಿರುವ ಸರಕನ್ನೂ ನಿಲ್ಲಿಸಬಹುದು. ಇಲ್ಲಿ ದಿವಾಳಿ ಎಂದರೆ ನ್ಯಾಯಾಲಯದ ಘೋಷಣೆಯಲ್ಲ, ಬಾಕಿಗಳನ್ನು ಸಮಯಕ್ಕೆ ತೀರಿಸಲಾಗದ ಸ್ಥಿತಿ. ಮರುಮಾರಾಟಕ್ಕೆ ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟು ಸಾಕಷ್ಟು ಸಮಯ ಕಾಯಬೇಕು. ಕೆಡುವ ಸರಕಿಗೆ ಅದೂ ಬೇಡ. ಹೋಳಿಗೆ ನಾಳೆಗೆ ಹಳಸುತ್ತದೆ ಎಂಬುದು ಈ ಕಾಯ್ದೆಗೆ ಗೊತ್ತಿದೆ.

ಆದರೆ ಸರಕು ಕೊಳ್ಳುವವರ ಕೈ ಸೇರಿದೊಡನೆ ತಡೆಯುವ ಹಕ್ಕು ಮುಗಿಯಿತು. ಆದ್ದರಿಂದಲೇ ದೊಡ್ಡ ಆರ್ಡರನ್ನು ಕಂತು ಮಾಡಿ, ಮೊದಲ ಕಂತಿನ ಹಣ ಬಾರದೆ ಎರಡನೆಯದು ಹೊರಡದು ಎಂದು ಆರ್ಡರು ಹಿಡಿಯುವಾಗಲೇ ಬರೆದಿಡಬೇಕು. ಕಂತಿನ ಹಣ ತಪ್ಪಿದಾಗ ಇಡೀ ಕರಾರೇ ಮುರಿಯಿತೇ ಎಂಬುದು ಕರಾರಿನ ಮಾತುಗಳನ್ನು ಅವಲಂಬಿಸುತ್ತದೆ; ಮಾತೇ ಬರೆಯದಿದ್ದರೆ ನ್ಯಾಯಾಧೀಶರು ಊಹಿಸಬೇಕಾಗುತ್ತದೆ.

ಮನೆಯಲ್ಲಿ ತಯಾರಿಸಿ ಅಂಗಡಿ, ಹೋಟೆಲುಗಳಿಗೆ ಕೊಡುವವರು ಉದ್ಯಮ್ ನೋಂದಣಿ ಮಾಡಿಸಿದರೆ 2006ರ ಎಂಎಸ್‌ಎಂಇ ಕಾಯ್ದೆಯ ಆಸರೆಯೂ ಸಿಗುತ್ತದೆ. ಅವಧಿ ಬರೆದಿಲ್ಲದಿದ್ದರೆ 15 ದಿನದಲ್ಲಿ, ಬರೆದಿದ್ದರೂ 45 ದಿನ ಮೀರದಂತೆ ಹಣ ಸಲ್ಲಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳು ತಿಂಗಳು ಕೂಡುವ ಚಕ್ರಬಡ್ಡಿ. ದೂರನ್ನು ರಾಜ್ಯದ ಸೌಲಭ್ಯ ಮಂಡಳಿಗೆ ಒಯ್ಯಬಹುದು. ಸರಬರಾಜಿಗೆ ಮೊದಲೇ ನೋಂದಣಿ ಇರಬೇಕೇ ಎಂಬುದು ಸುಪ್ರೀಂ ಕೋರ್ಟಿನಲ್ಲೇ ಚರ್ಚೆಗೆ ಒಳಗಾದ ಪ್ರಶ್ನೆಯಾದ್ದರಿಂದ ಮೊದಲೇ ಮಾಡಿಸುವುದು ಜಾಣತನ. ನೋಂದಣಿಗೆ ಶುಲ್ಕವಿಲ್ಲ.

ಚೆಕ್ಕೇ ಇಲ್ಲದ ಬರಿಯ ಬಾಕಿಗೆ ಸಿವಿಲ್ ದಾವೆಯ ಕಾಲಮಿತಿ ಮೂರು ವರ್ಷ. ಆ ಅವಧಿಯೊಳಗೆ ಬಾಕಿದಾರ ಸಹಿ ಹಾಕಿ ಬಾಕಿ ಒಪ್ಪಿದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ಯುಗಾದಿಗೋ ದೀಪಾವಳಿಗೋ ಲೆಕ್ಕ ಮುಗಿಸಿ ವಹಿಗೆ ಎರಡೂ ಕಡೆಯ ಸಹಿ ಹಾಕಿಸುವುದು ಇಂಥ ರಕ್ಷೆ. ವಾಟ್ಸ್ಆ್ಯಪಿನಲ್ಲಿ ಬಂದ ಆರ್ಡರೂ ಸಾಕ್ಷ್ಯವೇ. ಆದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಸಂದೇಶಗಳನ್ನು ಅಳಿಸಬಾರದು, ಮೊಬೈಲು ಬದಲಿಸುವಾಗ ಕಳೆಯಬಾರದು.

ನ್ಯಾಯಾಲಯದ ಬೆಲೆ

2019ರ ಕೊನೆಗೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ 138ನೆಯ ಕಲಮಿನವು ಎಂದು ಸುಪ್ರೀಂ ಕೋರ್ಟೇ 2021ರ ಆದೇಶದಲ್ಲಿ ನಮೂದಿಸಿದೆ. 2018ರ ತಿದ್ದುಪಡಿ ವಿಚಾರಣೆಯ ನಡುವೆಯೇ ಚೆಕ್ಕಿನ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ಕೊಟ್ಟಿತು. ಕೊಡಿಸಲೇಬೇಕೆಂಬ ಕಡ್ಡಾಯವಿಲ್ಲ ಎಂದು 2024ರ ತೀರ್ಪು. ಒಂದೊಂದು ವಾಯಿದೆಗೂ ರೊಟ್ಟಿಯಾಕೆಯ ಒಂದು ದಿನದ ಹಂಚು ತಣ್ಣಗಿರುತ್ತದೆ. ಅಂದರೆ 600 ರೂಪಾಯಿಯ ವಹಿವಾಟು ಹೋಯಿತು. 18,000ದ ಬಾಕಿಗೆ ಮೂವತ್ತು ವಾಯಿದೆ ತಿರುಗಿದರೆ ಬಾಕಿಯಷ್ಟೇ ವಹಿವಾಟು ಕೈಬಿಟ್ಟಂತೆ. ಆದ್ದರಿಂದ ಸಣ್ಣ ಮೊತ್ತಕ್ಕೆ 138ನ್ನು ನೋಟಿಸಿನವರೆಗೆ ಬಿಗಿಯಾಗಿ ಬಳಸಿ, ಅಲ್ಲಿಂದ ಲೋಕ ಅದಾಲತ್ತಿಗೆ ತಿರುಗುವುದೇ ಮೇಲು ಎಂಬುದು ನನ್ನ ತೀರ್ಮಾನ. ಅಲ್ಲಿ ಆದ ರಾಜಿ ಸಿವಿಲ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಮಾತು ತಪ್ಪಿದರೆ ಡಿಕ್ರಿಯಂತೆಯೇ ಜಾರಿಗೊಳಿಸಬಹುದು. ದೊಡ್ಡ ಮೊತ್ತವಾದರೆ, ಅಥವಾ ಒಬ್ಬನೇ ಹತ್ತು ಮನೆಗಳಿಗೆ ಹೀಗೆ ಮಾಡಿದ್ದರೆ, ದೂರು ಹೂಡಲೇಬೇಕು.

ಸ್ತ್ರೀಶಕ್ತಿ ಗುಂಪುಗಳನ್ನು ನಡೆಸುವವರಿಗೂ ಮನೆಯುದ್ಯಮದ ತರಬೇತಿ ಕೊಡುವವರಿಗೂ ನನ್ನದೊಂದು ಕೋರಿಕೆ. ಉಪ್ಪಿನಕಾಯಿಯ ಪ್ಯಾಕಿಂಗ್ ಕಲಿಸುವ ದಿನವೇ ಕಾರ್ಬನ್ ಹಾಳೆಯ ಬಿಲ್ ಪುಸ್ತಕದಲ್ಲಿ ಬರೆದು ಪಡೆದವರ ಸಹಿ ಹಾಕಿಸುವುದನ್ನೂ ಕಲಿಸಿ. ಇನ್ನೊಂದು ಮಾತನ್ನೂ ಹೇಳಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅರ್ಜಿ ಕೊಡಬೇಕಾದದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ. ಬ್ಯಾಂಕಿನ ಮೆಮೊ, ಚೆಕ್ಕು, ಸಹಿ ಇರುವ ಬಿಲ್ಲು ಮೂರನ್ನೂ ಹಿಡಿದು, ಮೆಮೊ ಕೈಗೆ ಬಂದ ವಾರದೊಳಗೇ ಹೋಗಬೇಕು.