ಸರಕಾರಕ್ಕೆ ಬೇಡವಾದ ಸಾಮಾನು ಎಲ್ಲಿಗೆ ಹೋಗುತ್ತೆ?

ನಮ್ಮೂರ ತಾಲ್ಲೂಕು ಕಚೇರಿಗಳ ಹಿಂದುಗಡೆ, ಗಿಡಗಂಟಿಗಳ ನಡುವೆ ತುಕ್ಕು ಹಿಡಿದು ನಿಂತ ಜೀಪನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಸರಕಾರದ್ದು, ಹಾಗಾಗಿ ಬೇರೆಯವರು ಮುಟ್ಟುವ ಹಾಗಿಲ್ಲ. ಸರಕಾರಕ್ಕೂ ಬೇಡ, ಹಾಗಾಗಿ ರಿಪೇರಿ ಮಾಡಿಸುವವರೂ ಇಲ್ಲ. ಇದು ನಮ್ಮ ದೇಶದ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ನಾವೀಗ ದುಡಿಯುತ್ತಿರುವ ಅಮೆರಿಕ 1945ರಲ್ಲಿ ಇದೇ ಪ್ರಶ್ನೆಯ ಮುಂದೆ ನಿಂತಿತ್ತು. ಆಗ ನಡೆದದ್ದರ ಎರಡು ಎಳೆಗಳು ನಮ್ಮ ಕರ್ನಾಟಕದವರೆಗೂ ಬಂದಿವೆ.

ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕ ಸರಕಾರದ ಕೈಯಲ್ಲಿ ವಿಮಾನ, ಹಡಗು, ಟ್ರಕ್ಕು, ಟೈರು, ಡೇರೆ, ಬೂಟು, ಕೊನೆಗೆ ಇಡೀ ಇಡೀ ಕಾರ್ಖಾನೆಗಳೇ ಉಳಿದುಕೊಂಡಿದ್ದವು. ಎಲ್ಲವನ್ನೂ ಒಮ್ಮೆಗೇ ಮಾರುಕಟ್ಟೆಗೆ ಸುರಿದರೆ ಹೊಸ ಮಾಲು ಕೊಳ್ಳುವವರಿಲ್ಲದೆ ಕೆಲಸಗಾರರು ಬೀದಿಗೆ ಬೀಳುತ್ತಾರೆ. ಗುಟ್ಟಾಗಿ ಮಾರಿದರೆ ದೊಡ್ಡ ಕುಳಗಳು ನುಂಗಿ ನೀರು ಕುಡಿಯುತ್ತಾರೆ. ಇಟ್ಟುಕೊಂಡರೆ ಕಾವಲಿನ ಖರ್ಚು ಬೆಳೆಯುತ್ತದೆ. ಅದಕ್ಕೇ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರ ಅಕ್ಟೋಬರ್ 3ರಂದು, ಹೆಚ್ಚುವರಿ ಆಸ್ತಿ ಕಾಯ್ದೆಗೆ ಸಹಿ ಬಿತ್ತು. ಯುದ್ಧದಿಂದ ಮರಳಿದ ಸೈನಿಕರು, ಸಣ್ಣ ವ್ಯಾಪಾರಿಗಳು ಇಂಥವರಿಗೆ ಆದ್ಯತೆ ಕೊಡಬೇಕು ಅಂತ ಕಾಯ್ದೆ ಹೇಳಿತು. ಆದರೆ ಅದನ್ನು ನಡೆಸುವ ಕಚೇರಿ ಎರಡು ವರ್ಷದೊಳಗೆ ಹೆಸರು, ರೂಪ ಎರಡನ್ನೂ ಮತ್ತೆ ಮತ್ತೆ ಬದಲಿಸಿ, 1946ರಲ್ಲಿ ವಾರ್ ಅಸೆಟ್ಸ್ ಅಡ್ಮಿನಿಸ್ಟ್ರೇಷನ್ ಆಯಿತು. ಸಾಮಾನು ಎಲ್ಲಿದೆ, ಎಷ್ಟಿದೆ ಎಂಬ ಲೆಕ್ಕ ಹಿಡಿಯುವುದೇ ದೊಡ್ಡ ಕೆಲಸವಾಗಿಬಿಟ್ಟಿತು.

ಅರಿಜೋನಾದ ಕಿಂಗ್‌ಮನ್‌ನಲ್ಲಿ ಸುಮಾರು 5,500 ಯುದ್ಧವಿಮಾನಗಳನ್ನು ಮರುಭೂಮಿಯಲ್ಲಿ ಸಾಲಾಗಿ ನಿಲ್ಲಿಸಿದ್ದರು. ಬಾಂಬರ್‌ಗಳನ್ನು ಯಾರು ಕೊಳ್ಳುತ್ತಾರೆ? ಕೊನೆಗೆ ಗುತ್ತಿಗೆದಾರರು ಅವನ್ನು ಗುಜರಿ ಲೆಕ್ಕದಲ್ಲಿ ಕೊಂಡು, ಕತ್ತರಿಸಿ, ಕುಲುಮೆಯಲ್ಲಿ ಕರಗಿಸಿ ಅಲ್ಯೂಮಿನಿಯಂ ಗಟ್ಟಿ ಮಾಡಿದರು.

ಇದೇ ಹೊತ್ತಿನಲ್ಲಿ ನಮ್ಮ ಕಡೆ ಇನ್ನೊಂದು ಕಥೆ. ಅಮೆರಿಕ ಯುದ್ಧಕಾಲದ ಲೆಂಡ್-ಲೀಸ್ ಒಪ್ಪಂದದಡಿ ಬ್ರಿಟಿಷರಿಗೆ ಲಿಬರೇಟರ್ ಬಾಂಬರ್‌ಗಳನ್ನು ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಹಾಗೆಯೇ ಇಟ್ಟುಕೊಳ್ಳುವಂತಿರಲಿಲ್ಲ. ಆದ್ದರಿಂದ ಭಾರತದಲ್ಲಿದ್ದ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಒಟ್ಟುಗೂಡಿಸಿ, ಮತ್ತೆ ಹಾರದಂತೆ ಬೇಕೆಂದೇ ಹಾಳುಮಾಡಿ ಬಿಟ್ಟುಹೋದರು. ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ಭಾರಿ ಬಾಂಬರ್ ಕೊಳ್ಳಲು ಹಣವೆಲ್ಲಿ? ಆಗ ಬೆಂಗಳೂರಿನ ಎಚ್‌ಎಎಲ್ ನೆರವಿಗೆ ಬಂತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರಕಾರದ ಸಹಾಯದಿಂದ 1940ರಲ್ಲಿ ಶುರುಮಾಡಿದ ಕಾರ್ಖಾನೆ ಅದು. ಯುದ್ಧದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳ ರಿಪೇರಿ ಅಲ್ಲೇ ನಡೆದಿತ್ತು, ಹಾಗಾಗಿ ಕೈಗಳು ಪಳಗಿದ್ದವು. ಎಚ್‌ಎಎಲ್‌ನವರು ಕಾನ್ಪುರಕ್ಕೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಾತ್ರ ಸರಿಪಡಿಸಿದರು. ಪೈಲಟ್ ಜಮ್‌ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿಯಾಗಿ, 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಶುರುವಾಯಿತು. ಸುಮಾರು 40 ವಿಮಾನಗಳು ಹೀಗೆ ಜೀವ ಪಡೆದವು. 1968ರವರೆಗೂ ಲಿಬರೇಟರ್‌ಗಳು ನಮ್ಮ ವಾಯುಪಡೆಯಲ್ಲಿದ್ದವು.

ಅವುಗಳಲ್ಲಿ ಒಂದು ಇವತ್ತು ಅರಿಜೋನಾದ ಟೂಸಾನ್‌ನ ಪೀಮಾ ವಿಮಾನ ಸಂಗ್ರಹಾಲಯದಲ್ಲಿದೆ. 1969ರಲ್ಲಿ ಭಾರತದಿಂದ ಹಾರಿಕೊಂಡೇ ಬಂದದ್ದು. ಯಾವ ರಾಜ್ಯದಲ್ಲಿ ಸಾವಿರಾರು ವಿಮಾನ ಕರಗಿಹೋದವೋ ಅದೇ ರಾಜ್ಯದಲ್ಲಿ ನಮ್ಮ ಬೆಂಗಳೂರಿನ ಕೆಲಸಗಾರರು ಉಳಿಸಿದ ವಿಮಾನ ನಿಂತಿದೆ. ಆ ಕಡೆ ಹೋದವರು ಖಂಡಿತ ನೋಡಿ ಬನ್ನಿ.

ಎರಡನೇ ಎಳೆ ವಿದ್ಯೆಯದು. ಬೇರೆ ದೇಶಗಳಲ್ಲಿ ಉಳಿದ ಸಾಮಾನನ್ನು ಅಮೆರಿಕ ಅಲ್ಲಲ್ಲೇ ಮಾರಬೇಕಾಗಿತ್ತು. ಯುದ್ಧದಿಂದ ಬಡವಾದ ಆ ದೇಶಗಳ ಹತ್ತಿರ ಡಾಲರ್ ಇರಲಿಲ್ಲ, ಕೊಡಲು ಇದ್ದದ್ದು ಅವರವರ ಹಣ ಮಾತ್ರ. ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಒಂದು ಉಪಾಯ ಹುಡುಕಿದರು. ಆ ಹಣವನ್ನು ಅಲ್ಲೇ ಇಟ್ಟು, ಎರಡೂ ದೇಶಗಳ ವಿದ್ಯಾರ್ಥಿಗಳು, ಅಧ್ಯಾಪಕರು ಹೋಗಿಬಂದು ಓದಲು ಖರ್ಚುಮಾಡೋಣ ಅಂದರು. 1944ರ ಕಾಯ್ದೆಗೇ ತಿದ್ದುಪಡಿ ತಂದು, 1946ರ ಆಗಸ್ಟ್ 1ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿಸಿಕೊಂಡರು. ಭಾರತದೊಂದಿಗೆ ಒಪ್ಪಂದವಾದದ್ದು 1950ರ ಫೆಬ್ರವರಿ 2ರಂದು. ಈ ಫುಲ್‌ಬ್ರೈಟ್ ಯೋಜನೆಯಲ್ಲೇ ಮೈಸೂರಿನ ಎ.ಕೆ. ರಾಮಾನುಜನ್ 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದರು. ವಚನಗಳನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದ ಕವಿಯನ್ನು ಇಲ್ಲಿಗೆ ಕರೆತಂದ ದಾರಿ, ಹಳೆಯ ಟ್ರಕ್ಕು ಡೇರೆ ಮಾರಿದ ಹಣದಿಂದ ಹಾಕಿದ ದಾರಿ!

ಇಷ್ಟೆಲ್ಲ ಅನುಭವದ ಮೇಲೆ 1949ರಲ್ಲಿ ಅಮೆರಿಕ ಹೊಸ ಕಾಯ್ದೆ ಮಾಡಿ, ಜುಲೈ 1ರಂದು ಜನರಲ್ ಸರ್ವೀಸಸ್ ಅಡ್ಮಿನಿಸ್ಟ್ರೇಷನ್, ಅಂದರೆ ಜಿಎಸ್ಎ ಎಂಬ ಒಂದೇ ಸಂಸ್ಥೆಗೆ ಈ ಜವಾಬ್ದಾರಿ ವಹಿಸಿತು. ವ್ಯವಸ್ಥೆ ಇಷ್ಟೇ: ಒಂದು ಇಲಾಖೆಗೆ ಬೇಡವಾದದ್ದನ್ನು ಅದು ಬರವಣಿಗೆಯಲ್ಲಿ ವರದಿ ಮಾಡಬೇಕು. ಕೊಂಡಾಗ ಬೆಲೆ ಎಷ್ಟು, ಈಗಿನ ಸ್ಥಿತಿ ಏನು, ಹೊಸದೋ, ಬಳಸಬಹುದೋ, ರಿಪೇರಿ ಬೇಕೋ, ಬರೀ ಗುಜರಿಯೋ, ಎಲ್ಲ ನಮೂದಿಸಬೇಕು. ಮೊದಲು ಕೇಂದ್ರದ ಬೇರೆ ಇಲಾಖೆಗಳನ್ನು ಕೇಳುತ್ತಾರೆ. ಅವರ್ಯಾರಿಗೂ ಬೇಡವಾದರೆ ಮಾತ್ರ ಅದು ಕಾನೂನಿನ ಪ್ರಕಾರ 'ಹೆಚ್ಚುವರಿ'. ಆಮೇಲೆ ರಾಜ್ಯಗಳ ಮೂಲಕ ಶಾಲೆ, ಅಗ್ನಿಶಾಮಕ ದಳ, ಅರ್ಹ ಲಾಭರಹಿತ ಸಂಸ್ಥೆಗಳಿಗೆ ದಾನ. ಉಳಿದದ್ದು ಸಾರ್ವಜನಿಕ ಹರಾಜಿಗೆ. ಕಟ್ಟಡಗಳ ವಿಷಯದಲ್ಲಿ 1987ರ ಮೆಕಿನ್ನೀ ಕಾಯ್ದೆ ಇನ್ನೊಂದು ಮಾತು ಸೇರಿಸಿತು: ಸೂಕ್ತವಾದ ಖಾಲಿ ಕಟ್ಟಡವಿದ್ದರೆ, ಸೂರಿಲ್ಲದವರಿಗೆ ನೆರವಾಗುವ ಸಂಸ್ಥೆಗಳನ್ನು ಮೊದಲು ಕೇಳಬೇಕು.

ಇಡೀ ಏರ್ಪಾಡು ನಿಂತಿರುವುದು ಮೊದಲ ಮೆಟ್ಟಿಲಿನ ಮೇಲೆ. 'ಇದು ನಮಗೆ ಬೇಡ' ಅಂತ ಒಬ್ಬ ಗುಮಾಸ್ತ ಸಕಾಲಕ್ಕೆ ಬರೆಯದಿದ್ದರೆ, ಬೇಕಾದವರಿಗೆ ಅಂಥದ್ದೊಂದು ಇದೆ ಅನ್ನೋದೇ ಗೊತ್ತಾಗುವುದಿಲ್ಲ. ತಾಲ್ಲೂಕು ಕಚೇರಿಯ ಜೀಪು ತುಕ್ಕು ಹಿಡಿಯುವುದೂ ಹೀಗೆ ಬರೆಯುವುದು ತಡವಾದಾಗಲೇ. ನಮ್ಮ ಕನ್ನಡ ಕೂಟಗಳ ಉಗ್ರಾಣದಲ್ಲೂ ಹಳೆಯ ಮೈಕು, ಪರದೆ, ಕುರ್ಚಿ, ಪಠ್ಯಪುಸ್ತಕಗಳು ಬಿದ್ದಿರುತ್ತವೆ. ಪಕ್ಕದ ಊರಿನಲ್ಲಿ ಹೊಸದಾಗಿ ಕನ್ನಡ ಶಾಲೆ ತೆರೆದವರು ಅವನ್ನೇ ದುಡ್ಡು ಕೊಟ್ಟು ಕೊಳ್ಳುತ್ತಿರುತ್ತಾರೆ. ವರ್ಷಕ್ಕೊಮ್ಮೆ ಒಂದು ಪಟ್ಟಿ ಮಾಡಿ ಸುತ್ತಲಿನ ಕೂಟಗಳಿಗೆ ಕಳಿಸಿದರೆ ಸಾಕು. ಈ ವರ್ಷದ ಲೆಕ್ಕಪತ್ರ ಒಪ್ಪಿಸುವ ದಿನವೇ ಆ ಪಟ್ಟಿಯನ್ನೂ ಮಾಡೋಣ.