ಶಸ್ತ್ರ ಹಿಡಿದ ಪಂಡಿತರು

ವೈದ್ಯ ವಿದ್ಯಾರ್ಥಿಯು ಅಂಗರಚನಾಶಾಸ್ತ್ರವನ್ನು ಕಲಿಯುವುದು ಪುಸ್ತಕದಿಂದಷ್ಟೇ ಅಲ್ಲ, ಶವದಿಂದ. ನಮ್ಮ ದೇಶದಲ್ಲಿ ಈ ಪಾಠ ಹೇಗೆ ಮೊದಲಾಯಿತೆಂದು ನೀವು ಯೋಚಿಸಿದ್ದೀರಾ?

ಸುಶ್ರುತ ಸಂಹಿತೆಯು ಇದರ ಕ್ರಮವನ್ನೇ ಹೇಳುತ್ತದೆ. ಶವಕ್ಕೆ ಹುಲ್ಲು ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಬೇಕು. ಬಳಿಕ ಲಾವಂಚ ಅಥವಾ ಬಿದಿರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತ, ಚರ್ಮದಿಂದ ಒಳಗಿನ ಅಂಗಗಳವರೆಗೆ ಪದರಪದರವಾಗಿ ಕಣ್ಣಾರೆ ನೋಡಬೇಕು. ಆದರೆ ಕಾಲಕ್ರಮದಲ್ಲಿ ಶವ ಮುಟ್ಟುವುದು ಮೈಲಿಗೆಯಾಯಿತು. ಶ್ಲೋಕ ಬಾಯಲ್ಲಿ ಉಳಿಯಿತು, ಕೈಯ ಅಭ್ಯಾಸ ತಪ್ಪಿತು.

1835ರಲ್ಲಿ ಕಲ್ಕತ್ತೆಯಲ್ಲಿ ಮೆಡಿಕಲ್ ಕಾಲೇಜು ಆರಂಭವಾಯಿತು. ಶವಚ್ಛೇದನ ಮಾಡಿದರೆ ಜಾತಿಯಿಂದ ಹೊರಹಾಕುವರೆಂಬ ಅಂಜಿಕೆ ಅಲ್ಲಿಯೂ ಇತ್ತು. 1836ರಲ್ಲಿ ಮುಂದೆ ಬಂದು ಶಸ್ತ್ರ ಹಿಡಿದವರು ಪಂಡಿತ ಮಧುಸೂದನ ಗುಪ್ತರು. ಅವರು ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದ ಬೋಧಿಸಿದ್ದವರು. ಇಂಗ್ಲಿಷಿನ ಅಂಗರಚನಾ ಗ್ರಂಥವೊಂದನ್ನು ಸಂಸ್ಕೃತಕ್ಕೆ ತಂದವರು. ಗುರುವಿನ ಹಿಂದೆ ಶಿಷ್ಯರೂ ಧೈರ್ಯ ತಾಳಿದರು. 1837ರಲ್ಲಿ ಆ ಕಾಲೇಜಿನಲ್ಲಿ ಛೇದಿಸಿದ ಶವಗಳು 60. ಮರುವರ್ಷ ಅದರ ಎರಡರಷ್ಟು.

ಆ ಶವಗಳು ಯಾರವು? ಹೆಚ್ಚಾಗಿ ಬಡವರವು, ವಾರಸುದಾರರಿಲ್ಲದವರವು. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಈಗ ಸ್ವಇಚ್ಛೆಯಿಂದ ದೇಹದಾನಕ್ಕೆ ಸಹಿ ಹಾಕುವವರಿದ್ದಾರೆ. ಆ ಹಳೆಯ ಋಣ ತೀರಿಸಲು ಇರುವ ದಾರಿ ಇದೇ. ನಿಮ್ಮ ವೈದ್ಯರು ಹೊಟ್ಟೆಯ ಮೇಲೆ ಬೆರಳಿಟ್ಟು ನೋವಿನ ಜಾಗವನ್ನು ಗುರುತಿಸಿದಾಗ ಗುಪ್ತರನ್ನು ನೆನೆಯಿರಿ. ಅವರ ಎದುರು ಮಲಗಿದ್ದ, ಹೆಸರು ಉಳಿಯದ ಆ ವ್ಯಕ್ತಿಯನ್ನೂ ನೆನೆಯಿರಿ.