ಭಾರತೀಯ ವೈದ್ಯಕೀಯ ಸೇವೆಯ ವಿಧ್ಯುಕ್ತ ಸಮವಸ್ತ್ರ

ಭಾರತೀಯ ವೈದ್ಯಕೀಯ ಸೇವೆಯ ವಿಧ್ಯುಕ್ತ ಸಮವಸ್ತ್ರವು ಬ್ರಿಟಿಷ್ ಆಳ್ವಿಕೆಯಲ್ಲಿ ಸೇನಾ ವೈದ್ಯಾಧಿಕಾರಿಗಳು ದರ್ಬಾರು, ಕವಾಯತು ಮುಂತಾದ ಸಮಾರಂಭಗಳಲ್ಲಿ ಧರಿಸುತ್ತಿದ್ದ ಪೂರ್ಣ ಉಡುಪು. ಈ ಸೇವೆಗೆ ಸೇರಿದವರಲ್ಲಿ ಅತ್ಯಂತ ಪ್ರಸಿದ್ಧರು ಮಲೇರಿಯಾ ಸಂಶೋಧಕ ಸರ್ ರೊನಾಲ್ಡ್ ರಾಸ್ (1857–1932). ಇವರ ಸೇವೆಯ ಕೆಲವು ವರ್ಷಗಳು ಬೆಂಗಳೂರಿನಲ್ಲಿ ಕಳೆದವು.

ಹಿನ್ನೆಲೆ
ಈ ಸೇವೆಯ ಅಧಿಕಾರಿಗಳು ಮೂಲತಃ ಸೇನೆಗೆ ಸೇರಿದವರು. ಆದರೆ ಶಾಂತಿಕಾಲದಲ್ಲಿ ಅವರಲ್ಲಿ ಅನೇಕರನ್ನು ಜಿಲ್ಲೆಗಳ ಸಿವಿಲ್ ಸರ್ಜನ್ ಹುದ್ದೆಗಳಿಗೆ ಕಳುಹಿಸಲಾಗುತ್ತಿತ್ತು. ಬಂಡಳ್ಳಿ, ಹನೂರುಗಳನ್ನು ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದುದರಿಂದ ಮದ್ರಾಸ್ ಪ್ರಾಂತ್ಯದ ವೈದ್ಯಾಡಳಿತಕ್ಕೆ ಒಳಪಟ್ಟಿತ್ತು. ರಾಸ್ ಆರಿಸಿಕೊಂಡದ್ದೂ ಮದ್ರಾಸ್ ಶಾಖೆಯನ್ನೇ. 1855ರಿಂದ ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಭಾರತೀಯರಿಗೂ ಪ್ರವೇಶ ದೊರೆಯಿತು. ಪರೀಕ್ಷೆ ಲಂಡನ್ನಿನಲ್ಲಿ ನಡೆಯುತ್ತಿದ್ದುದರಿಂದ ಆ ಬಾಗಿಲು ಕಾಗದದ ಮೇಲೆ ತೆರೆದಷ್ಟು ವಾಸ್ತವದಲ್ಲಿ ತೆರೆದಿರಲಿಲ್ಲ.

ಉಡುಪಿನ ಸ್ವರೂಪ
ವೈದ್ಯಾಧಿಕಾರಿಯನ್ನು ದೂರದಿಂದಲೇ ಗುರುತಿಸುವಂತೆ ಮಾಡುತ್ತಿದ್ದುದು ಕಪ್ಪು ಬಣ್ಣ. ಅಂಗಿಯ ಕೊರಳಪಟ್ಟಿಗೂ ತೋಳಿನ ತುದಿಗೂ ಕಪ್ಪು ಮಖಮಲ್ಲನ್ನು ಹೊಲಿಯಲಾಗುತ್ತಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಸೇನಾ ವೈದ್ಯರು ಕಾಕ್ಡ್ ಹ್ಯಾಟ್ ಎಂಬ ಮಡಿಚಿದ ಅಂಚಿನ ಟೋಪಿಗೆ ಹುಂಜದ ಕಪ್ಪು ಗರಿಗಳನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಜನರಲ್‌ಗಳ ಟೋಪಿಯಲ್ಲಿರುತ್ತಿದ್ದುದು ಹಂಸದ ಗರಿ. ಭುಜದಿಂದ ಓರೆಯಾಗಿ ಇಳಿಯುವ ಕಪ್ಪು ಚರ್ಮದ ಪಟ್ಟಿಯ ತುದಿಯಲ್ಲಿ ಸಣ್ಣ ಚೀಲವಿರುತ್ತಿತ್ತು. ಇತರ ಅಧಿಕಾರಿಗಳ ಪಟ್ಟಿಯಲ್ಲಿ ಅದು ಮದ್ದುಗುಂಡಿನ ಚೀಲದ ಕುರುಹು. ವೈದ್ಯರ ಚೀಲದಲ್ಲಿ ಇರಬೇಕಾದದ್ದು ಶಸ್ತ್ರಚಿಕಿತ್ಸೆಯ ಉಪಕರಣಗಳು. ಇಡೀ ಉಡುಪಿನಲ್ಲಿ ವೈದ್ಯವೃತ್ತಿಯನ್ನು ನೇರವಾಗಿ ಸೂಚಿಸುವ ಭಾಗ ಬಹುಶಃ ಇದೊಂದೇ. ಸೊಂಟದಲ್ಲಿ ಕತ್ತಿಯೂ ಇರುತ್ತಿತ್ತು. ಉಡುಪಿನ ವೆಚ್ಚವನ್ನು ಅಧಿಕಾರಿಯೇ ಭರಿಸಬೇಕಾಗಿತ್ತು.

ಪದವಿಯ ಹೆಸರು ದೀರ್ಘಕಾಲದ ವಿವಾದಕ್ಕೆ ಕಾರಣವಾಯಿತು. ಕತ್ತಿ ಧರಿಸಿದರೂ ವೈದ್ಯರನ್ನು ಸೇನಾಧಿಕಾರಿಗಳ ಸಮಾನರೆಂದು ಪರಿಗಣಿಸುತ್ತಿಲ್ಲವೆಂಬ ದೂರಿನ ಫಲವಾಗಿ 1891ರಲ್ಲಿ ‘ಸರ್ಜನ್-ಕ್ಯಾಪ್ಟನ್’ ಮೊದಲಾದ ಜೋಡಿ ಪದವಿಗಳು ಬಂದವು.

ರೊನಾಲ್ಡ್ ರಾಸ್
ಅಲ್ಮೋರಾದಲ್ಲಿ ಸೇನಾಧಿಕಾರಿಯ ಮಗನಾಗಿ ಜನಿಸಿದ ರಾಸ್ 1881ರಲ್ಲಿ ಸೇವೆಗೆ ಸೇರಿದರು. 1883ರಲ್ಲಿ ಬೆಂಗಳೂರಿನ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿದ್ದಾಗ ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ತೊಟ್ಟಿಯಲ್ಲಿ ಸೊಳ್ಳೆಯ ಮರಿಹುಳುಗಳನ್ನು ಕಂಡು ನೀರನ್ನು ಚೆಲ್ಲಿಸಿದರು, ಕಾಟ ತಗ್ಗಿತು. ಭೋಜನಶಾಲೆಯ ತೊಟ್ಟಿಗಳಿಗೂ ಇದೇ ಕ್ರಮ ಅನುಸರಿಸಬೇಕೆಂದು ಸೂಚಿಸಿದಾಗ ಅಡ್ಜುಟೆಂಟ್ ಒಪ್ಪಲಿಲ್ಲವೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ.

1895ರ ಸೆಪ್ಟೆಂಬರ್‌ನಲ್ಲಿ ಕಾಲರಾ ನಿಯಂತ್ರಣಕ್ಕಾಗಿ ಅವರನ್ನು ಮತ್ತೆ ಬೆಂಗಳೂರಿಗೆ ನಿಯೋಜಿಸಿದ್ದರಿಂದ ಸಿಕಂದರಾಬಾದಿನಲ್ಲಿ ಆರಂಭಿಸಿದ್ದ ಮಲೇರಿಯಾ ಅಧ್ಯಯನಕ್ಕೆ ಅಡ್ಡಿಯಾಯಿತು. 1897ರಲ್ಲಿ ನೀಲಗಿರಿಯಿಂದ ಮೈಸೂರು ಪ್ರಸ್ಥಭೂಮಿಯತ್ತ ಇಳಿಯುವ ಸಿಗೂರು ಘಾಟಿನಲ್ಲಿ ಸಂಶೋಧನೆಗೆ ಹೋದವರು ತಾವೇ ಮಲೇರಿಯಾಕ್ಕೆ ತುತ್ತಾದರು. ಅದೇ ವರ್ಷ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡರು. ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಹಣ ಪಡೆದು ಕಚ್ಚಿಸಿಕೊಂಡ ಹುಸೇನ್ ಖಾನ್ ಯಾವ ಸಮವಸ್ತ್ರಕ್ಕೂ ಪದಕಕ್ಕೂ ಭಾಗಿಯಾಗಲಿಲ್ಲ.

ಮರುತಿಂಗಳೇ ಬಂದ ವರ್ಗಾವಣೆಯ ಆಜ್ಞೆ ರಾಸ್ ಅವರನ್ನು ಮಲೇರಿಯಾ ವಿರಳವಾಗಿದ್ದ ರಾಜಪುತಾನದ ಖೇರ್ವಾಡಾಕ್ಕೆ ಒಯ್ದಿತು. ಸೇನಾಧಿಕಾರಿಯಾದ್ದರಿಂದ ಅದನ್ನು ಪಾಲಿಸದೆ ಗತ್ಯಂತರವಿರಲಿಲ್ಲ. ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಒತ್ತಾಯಿಸಿದ ಬಳಿಕ 1898ರಲ್ಲಿ ಅವರನ್ನು ಕಲ್ಕತ್ತೆಗೆ ವಿಶೇಷ ಕರ್ತವ್ಯದ ಮೇಲೆ ಕಳುಹಿಸಲಾಯಿತು. ಅಲ್ಲಿ, ಮಾನವನ ಬದಲು ಪಕ್ಷಿಗಳ ಮಲೇರಿಯಾವನ್ನು ಆಯ್ದುಕೊಂಡು, ಪರೋಪಜೀವಿ ಸೊಳ್ಳೆಯ ಲಾಲಾಗ್ರಂಥಿಯನ್ನು ತಲುಪುವುದನ್ನು ತೋರಿಸಿದರು. ಮಾನವ ಮಲೇರಿಯಾದ ಹರಡುವಿಕೆಯನ್ನು ಅದೇ ವರ್ಷ ಇಟಲಿಯಲ್ಲಿ ಗ್ರಾಸ್ಸಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಶ್ರೇಯಸ್ಸಿನ ಕುರಿತ ಕಲಹ ದಶಕಗಳ ಕಾಲ ಮುಂದುವರಿಯಿತು.

ರಾಸ್ 1899ರಲ್ಲಿ ನಿವೃತ್ತರಾಗಿ ಲಿವರ್‌ಪೂಲ್‌ನ ಉಷ್ಣವಲಯ ವೈದ್ಯಶಾಲೆಗೆ ಸೇರಿದರು. 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಾಗ ಅವರು ಸೇವೆಯ ಉಡುಪನ್ನು ತೊರೆದು ಮೂರು ವರ್ಷಗಳಾಗಿದ್ದವು. ಭಾರತೀಯ ವೈದ್ಯಕೀಯ ಸೇವೆಯು 1947ರ ಆಗಸ್ಟ್‌ನಲ್ಲಿ ಕೊನೆಗೊಂಡಿತು.